ಹೆಡ್‌ಫೋನಿನ ಗುಂಯ್ ಸದ್ದು: ವಿದ್ಯುತ್ತಿನ ಮರಳುದಾರಿಯ ಚರಿತ್ರೆ

ಮೊಬೈಲ್ ಫೋನಿಗೆ ಅಥವಾ ಲ್ಯಾಪ್‌ಟಾಪಿಗೆ ಬೆರಳುದ್ದದ ಧ್ವನಿ ಪರಿವರ್ತಕವೊಂದನ್ನು ಸಿಕ್ಕಿಸಿ, ಅದರ ಇನ್ನೊಂದು ತುದಿಗೆ ಹೆಡ್‌ಫೋನ್ ಜೋಡಿಸಿಕೊಂಡು ಸಂಗೀತ ಕೇಳುವ ರೂಢಿ ಕಳೆದ ಒಂದೂವರೆ ದಶಕದಲ್ಲಿ ಬೆಳೆದು ಬಂದದ್ದು. ಕಡತದಲ್ಲಿ ಬರೀ ಅಂಕಿಗಳಾಗಿರುವ ಧ್ವನಿಯನ್ನು ಓದಿ, ಅದನ್ನು ಹೆಡ್‌ಫೋನಿನ ತೆಳುಪೊರೆಯನ್ನು ಅಲುಗಿಸಬಲ್ಲ ಏರಿಳಿತದ ವಿದ್ಯುತ್ತಾಗಿ ಮಾರ್ಪಡಿಸುವ ಈ ಸಾಧನಕ್ಕೆ ಬಳಕೆದಾರರ ಮಾತಿನಲ್ಲಿ ಡ್ಯಾಕ್ ಎಂಬ ಹೆಸರಿದೆ. ಗೇಣುದ್ದದ ತಂತಿಗೆ ಅಂಟಿಕೊಂಡ ಚಿಕ್ಕ ಮಾದರಿಯಾದರೆ ಡಾಂಗಲ್ ಎನ್ನುತ್ತಾರೆ. ಇದನ್ನು ಕೊಂಡವರ ದೂರು ಬಹುತೇಕ ಒಂದೇ ಬಗೆಯದು: ಹಾಡು ನಿಂತ ಗಳಿಗೆಯಲ್ಲಿ ಸಣ್ಣಗೆ ಗುಂಯ್‌ಗುಡುವ ಸದ್ದು ಕೇಳುತ್ತದೆ, ಮೌಸ್ ಸರಿಸಿದಾಗ ಕಿರ್ರೆನ್ನುತ್ತದೆ, ಚಾರ್ಜರ್ ಹಾಕಿದೊಡನೆ ಹೆಚ್ಚಾಗುತ್ತದೆ. ಹೊಸ ಯುಗದ ಹೊಸ ತೊಂದರೆಯಂತೆ ತೋರುವ ಈ ಗದ್ದಲಕ್ಕೆ ನೂರನಲವತ್ತು ವರ್ಷಗಳಿಗೂ ಮೀರಿದ ಚರಿತ್ರೆಯಿದೆ. ಆ ಚರಿತ್ರೆಯ ಉದ್ದಕ್ಕೂ ಕಾರಣ ಹೆಚ್ಚಾಗಿ ಒಂದೇ ಆಗಿದ್ದು, ಧ್ವನಿಯನ್ನು ಹೊತ್ತ ವಿದ್ಯುತ್ತು ಹೊರಟ ಜಾಗಕ್ಕೆ ಮರಳುವ ದಾರಿಯನ್ನು ಬೇರೊಂದು ವಿದ್ಯುತ್ತಿನೊಡನೆ ಹಂಚಿಕೊಂಡಾಗಲೆಲ್ಲ ಕೇಳುಗನ ಕಿವಿಗೆ ಬೇಡದ ಸದ್ದು ಬಂದಿದೆ.

ಯಾವ ವಿದ್ಯುತ್ತೂ ಒಂದೇ ದಿಕ್ಕಿಗೆ ಹೋಗಿ ಮುಗಿಯುವುದಿಲ್ಲ. ಹೋದದ್ದು ಇನ್ನೊಂದು ಹಾದಿಯಿಂದ ಮರಳಿ ಬಂದು ಮಂಡಲ ಪೂರ್ತಿಯಾದರೆ ಮಾತ್ರ ಅದು ಹರಿಯುತ್ತದೆ. ಆರಂಭದ ತಂತಿವಾರ್ತೆಯವರು ಇದಕ್ಕಾಗಿ ಎರಡು ತಂತಿಗಳನ್ನು ಎಳೆಯುತ್ತಿದ್ದರು. ಜರ್ಮನಿಯ ಕಾರ್ಲ್ ಆಗಸ್ಟ್ ಸ್ಟೈನ್‌ಹೈಲ್ 1838ರಲ್ಲಿ ನ್ಯೂರೆಂಬರ್ಗ್ ಮತ್ತು ಫ್ಯೂರ್ತ್ ನಡುವಿನ ರೈಲು ಹಳಿಗಳನ್ನೇ ತಂತಿಗಳಂತೆ ಬಳಸಲು ಹೊರಟಾಗ, ವಿದ್ಯುತ್ತು ಹಳಿಯಿಂದ ಹಳಿಗೆ ನೆಲದ ಮೂಲಕವೇ ಸೋರಿ ಹೋಗುವುದನ್ನು ಕಂಡು, ನೆಲವೇ ಮರಳುತಂತಿಯ ಕೆಲಸ ಮಾಡಬಲ್ಲದು ಎಂಬ ತೀರ್ಮಾನಕ್ಕೆ ಬಂದನು. ಎರಡು ತುದಿಗಳಲ್ಲಿ ಲೋಹದ ಫಲಕಗಳನ್ನು ಹೂತು ಒಂದೇ ತಂತಿ ಎಳೆದರೆ ಸಾಕು ಎಂದಾದ ಮೇಲೆ ತಂತಿಯ ಖರ್ಚು ಅರ್ಧಕ್ಕೆ ಇಳಿಯಿತು, ಭೂಖಂಡಗಳನ್ನು ದಾಟುವ ತಂತಿವಾರ್ತೆಯ ಜಾಲ ಹರಡುವುದಕ್ಕೆ ಈ ಉಳಿತಾಯವೂ ನೆರವಾಯಿತು. ಮೋರ್ಸ್ ಸಂಕೇತದ ಚುಕ್ಕೆ ಗೆರೆಗಳಿಗೆ ನೆಲದಿಂದ ಬಂದು ಸೇರುವ ಸಣ್ಣಪುಟ್ಟ ವಿದ್ಯುತ್ತಿನಿಂದ ಹೆಚ್ಚಿನ ಬಾಧೆ ಇರಲಿಲ್ಲ, ಏಕೆಂದರೆ ಅಲ್ಲಿನ ಯಂತ್ರಕ್ಕೆ ಬೇಕಾದದ್ದು ಇದೆ ಅಥವಾ ಇಲ್ಲ ಎಂಬ ಎರಡೇ ಸ್ಥಿತಿ.

ಅಲೆಕ್ಸಾಂಡರ್ ಗ್ರಹಾಂ ಬೆಲ್ 1876ರ ಮಾರ್ಚ್ 7ರಂದು ದೂರವಾಣಿಯ ಪೇಟೆಂಟ್ ಪಡೆದ ಮೇಲೆ ಸ್ಥಿತಿ ಬದಲಾಯಿತು. ದೂರವಾಣಿಯವರು ತಂತಿವಾರ್ತೆಯ ಒಂಟಿ ಕಬ್ಬಿಣದ ತಂತಿ ಮತ್ತು ನೆಲದ ಮರಳುದಾರಿಯನ್ನು ಹಾಗೆಯೇ ತೆಗೆದುಕೊಂಡರು, ಆದರೆ ದೂರವಾಣಿಯ ಕಿವಿತುಂಡು ತಂತಿವಾರ್ತೆಯ ಯಂತ್ರಕ್ಕಿಂತ ಬಹಳ ಸೂಕ್ಷ್ಮವಾಗಿತ್ತು. ಬೆಲ್‌ನ ಸಹಾಯಕ ಥಾಮಸ್ ವಾಟ್ಸನ್ ಬಾಸ್ಟನ್ನಿನ ಪ್ರಯೋಗತಂತಿಗೆ ರಾತ್ರಿಯ ಹೊತ್ತು ಕಿವಿಗೊಟ್ಟು ಕುಳಿತು, ಅದರಲ್ಲಿ ಕೇಳಿಬರುವ ಚಟಪಟ ಸದ್ದು, ಉಜ್ಜುವ ಸದ್ದು, ಹಕ್ಕಿಯ ಚಿಲಿಪಿಲಿಯಂತಹ ಸದ್ದುಗಳನ್ನು ಆಲಿಸುತ್ತಿದ್ದುದನ್ನು ತನ್ನ ಆತ್ಮಕಥೆಯಲ್ಲಿ ದಾಖಲಿಸಿದ್ದಾನೆ. ಅವು ಸೂರ್ಯನ ಮೇಲಿನ ಸ್ಫೋಟಗಳಿಂದ ಬಂದವೋ ಬೇರೆ ಗ್ರಹದ ಸಂಕೇತಗಳೋ ಎಂದು ಅವನು ಊಹಿಸಿದ್ದನು. ಮಾನವ ನಿರ್ಮಿತ ವಿದ್ಯುತ್ತು ಇನ್ನೂ ಹೆಚ್ಚಾಗಿ ಹರಡಿರದ ಆ ವರ್ಷಗಳಲ್ಲಿ ಭೂಮಿ ಮತ್ತು ಆಕಾಶದ ಸಹಜ ಸದ್ದನ್ನು ತಂತಿಯಲ್ಲಿ ಕೇಳಿದ ಮೊದಲಿಗರಲ್ಲಿ ವಾಟ್ಸನ್ ಒಬ್ಬ, ಮತ್ತು ಅಂತಹ ಅವಕಾಶ ನಗರಗಳಲ್ಲಿ ಹೆಚ್ಚು ಕಾಲ ಉಳಿಯಲಿಲ್ಲ. ಭಾರತದಲ್ಲಿ ಕಲ್ಕತ್ತ, ಮುಂಬಯಿ, ಮದ್ರಾಸುಗಳ ದೂರವಾಣಿ ವಿನಿಮಯ ಕೇಂದ್ರಗಳು 1882ರ ಜನವರಿ 28ರಂದು ತೆರೆದುಕೊಂಡಾಗ ಲೋಕದಾದ್ಯಂತ ಈ ಒಂಟಿತಂತಿಯ ಪದ್ಧತಿಯೇ ವಾಡಿಕೆಯಲ್ಲಿತ್ತು.

ಪರಿಹಾರ ಮಾತ್ರ ಆಗಲೇ ಸಿದ್ಧವಾಗಿತ್ತು. ಬೆಲ್ 1881ರ ಜುಲೈ 19ರಂದು ಇನ್ನೊಂದು ಪೇಟೆಂಟ್ ಪಡೆದಿದ್ದು, ನೆಲವನ್ನು ಕೈಬಿಟ್ಟು ಎರಡು ತಂತಿಗಳನ್ನು ಒಂದರ ಸುತ್ತ ಒಂದು ಹೊಸೆದು ಬಳಸಬೇಕೆಂಬುದು ಅದರ ತಿರುಳು. ಹೊಸೆದ ಜೋಡಿಯಲ್ಲಿ ಹೊರಗಿನ ಯಾವುದೇ ವಿದ್ಯುತ್ಪ್ರಭಾವ ಎರಡೂ ತಂತಿಗಳ ಮೇಲೆ ಸಮನಾಗಿ ಬೀಳುತ್ತದೆ. ಕಿವಿತುಂಡಿಗೆ ತಲುಪುವುದು ಎರಡು ತಂತಿಗಳ ನಡುವಿನ ವ್ಯತ್ಯಾಸ ಮಾತ್ರವಾದ್ದರಿಂದ, ಸಮನಾಗಿ ಬಿದ್ದದ್ದು ತಾನೇ ಕಳೆದುಹೋಗುತ್ತದೆ. ಇಂದಿಗೂ ಕಂಪ್ಯೂಟರ್ ಜಾಲದ ಕೇಬಲ್ಲಿನಲ್ಲಿ, ಧ್ವನಿಮುದ್ರಣ ಶಾಲೆಯ ಮೈಕ್ ತಂತಿಯಲ್ಲಿ, ಯುಎಸ್‌ಬಿ ಕೇಬಲ್ಲಿನ ಒಳಗೆ ನಡೆಯುತ್ತಿರುವುದು ಇದೇ ತತ್ವ. ಅದೇ 1881ರಲ್ಲಿ ಜಾನ್ ಕಾರ್ಟಿ ಎಂಬ ತರುಣ ನೌಕರನು ಬಾಸ್ಟನ್ ಮತ್ತು ಪ್ರಾವಿಡೆನ್ಸ್ ನಡುವೆ ಎರಡು ಒಂಟಿತಂತಿಗಳನ್ನು ಕೂಡಿಸಿ ಒಂದೇ ಮಂಡಲವನ್ನಾಗಿ ಮಾಡಿದಾಗ ಗದ್ದಲ ತಗ್ಗಿ ಮಾತು ಸ್ಪಷ್ಟವಾಯಿತು. ಆದರೂ ತಂತಿಯ ಖರ್ಚು ಇಮ್ಮಡಿಯಾಗುವ ಭಯದಿಂದ ಕಂಪನಿಗಳು ಬಹುಕಾಲ ಹಿಂದೆಮುಂದೆ ನೋಡಿದವು.

ಕೊನೆಗೆ ಅವುಗಳನ್ನು ಬದಲಾವಣೆಗೆ ದೂಡಿದ್ದು ವಿದ್ಯುತ್ ಟ್ರಾಮ್. ಫ್ರಾಂಕ್ ಸ್ಪ್ರೇಗ್ 1888ರಲ್ಲಿ ಅಮೆರಿಕದ ರಿಚ್ಮಂಡ್ ನಗರದಲ್ಲಿ ಓಡಿಸಿದ ಟ್ರಾಮ್ ವ್ಯವಸ್ಥೆ ಯಶಸ್ವಿಯಾದ ಮೇಲೆ ನಗರ ನಗರಗಳಲ್ಲಿ ಅದು ಹರಡಿತು. ಟ್ರಾಮಿಗೆ ವಿದ್ಯುತ್ತು ಬರುತ್ತಿದ್ದುದು ಮೇಲಿನ ತಂತಿಯಿಂದ, ಮರಳುತ್ತಿದ್ದುದು ಹಳಿ ಮತ್ತು ನೆಲದ ಮೂಲಕ. ಎರಡು ಗದ್ದೆಗಳ ನೀರಿಗೆ ಒಂದೇ ಬಸಿಗಾಲುವೆ ಇದ್ದರೆ ಮೇಲಿನವನ ರಾಡಿ ಕೆಳಗಿನವನಿಗೆ ಹೇಗೆ ತಪ್ಪದೋ ಹಾಗೆ, ಟ್ರಾಮಿನ ನೂರಾರು ಆಂಪಿಯರ್ ವಿದ್ಯುತ್ತು ಹರಿದ ನೆಲದಲ್ಲೇ ಮರಳಬೇಕಾಗಿದ್ದ ದೂರವಾಣಿಯ ಕ್ಷೀಣ ವಿದ್ಯುತ್ತಿಗೆ ಮೋಟಾರಿನ ಗುರುಗುಟ್ಟುವಿಕೆ ಸೇರಿಕೊಂಡಿತು. ಸಿನ್ಸಿನಾಟಿಯ ದೂರವಾಣಿ ಸಂಸ್ಥೆ ಟ್ರಾಮ್ ಕಂಪನಿಯ ಮೇಲೆ ಹೂಡಿದ ಮೊಕದ್ದಮೆ ಒಹಾಯೊ ರಾಜ್ಯದ ಸರ್ವೋಚ್ಚ ನ್ಯಾಯಾಲಯದವರೆಗೆ ಹೋಗಿ, 1891ರಲ್ಲಿ ತೀರ್ಪು ಟ್ರಾಮಿನ ಪರವಾಗಿ ಬಂತು: ಬೀದಿ ಮೊದಲು ಇರುವುದು ಜನರ ಸಂಚಾರಕ್ಕೆ, ದೂರವಾಣಿಯ ಬಳಕೆ ಅದಕ್ಕೆ ಅಧೀನ ಎಂಬುದು ನ್ಯಾಯಾಲಯದ ನಿಲುವು. ವಿದ್ಯುತ್ ಗದ್ದಲದ ಚರಿತ್ರೆಯಲ್ಲಿ ಈ ತೀರ್ಪಿಗೆ ಯಾವುದೇ ಆವಿಷ್ಕಾರಕ್ಕೆ ಸಮನಾದ ತೂಕವಿದೆ. ನೆಲ ಯಾರೊಬ್ಬರ ಸ್ವತ್ತೂ ಅಲ್ಲವೆಂದಾದ ಮೇಲೆ, ಗದ್ದಲ ಮಾಡುವವನನ್ನು ತಡೆಯುವುದಕ್ಕಿಂತ ಕೇಳುವವನು ತನ್ನ ಮರಳುದಾರಿಯನ್ನು ಬೇರೆ ಮಾಡಿಕೊಳ್ಳುವುದೇ ಉಪಾಯವೆಂಬುದು ಎಂಜಿನಿಯರುಗಳಿಗೆ ಖಚಿತವಾಯಿತು, ಮತ್ತು ಮುಂದಿನ ವರ್ಷಗಳಲ್ಲಿ ನಗರದ ದೂರವಾಣಿಗಳು ಜೋಡಿತಂತಿಗೆ ಬದಲಾದವು.

ಹೆಡ್‌ಫೋನಿನ ತುದಿಯಲ್ಲಿರುವ ಮೊಳೆಯಂತಹ ಜ್ಯಾಕ್ ಕೂಡ ದೂರವಾಣಿ ಕೇಂದ್ರದಿಂದಲೇ ಬಂದದ್ದು. ವಿನಿಮಯ ಕೇಂದ್ರದ ನಿರ್ವಾಹಕಿಯರು ಒಬ್ಬ ಚಂದಾದಾರನ ತಂತಿಯನ್ನು ಇನ್ನೊಬ್ಬನಿಗೆ ಜೋಡಿಸಲು ಬಳಸುತ್ತಿದ್ದ, ಕಾಲು ಇಂಚು ದಪ್ಪದ ಚುಚ್ಚುತುದಿಯ ವಂಶದಲ್ಲಿ ಚಾರ್ಲ್ಸ್ ಸ್ಕ್ರಿಬ್ನರ್‌ನ ಕೆಲಸ 1878ರಷ್ಟು ಹಿಂದಿನದು. ಅದರ ತುದಿ, ನಡುವಿನ ಉಂಗುರ, ಹಿಂಬದಿಯ ತೋಳು ಎಂಬ ಮೂರು ಭಾಗಗಳ ಹೆಸರುಗಳನ್ನು ಇಂದಿನ 3.5 ಮಿಲಿಮೀಟರ್ ಜ್ಯಾಕಿಗೂ ಹಾಗೆಯೇ ಬಳಸಲಾಗುತ್ತಿದೆ. ತುದಿ ಎಡಗಿವಿಗೆ, ಉಂಗುರ ಬಲಗಿವಿಗೆ, ತೋಳು ಎರಡೂ ಕಿವಿಗಳ ವಿದ್ಯುತ್ತು ಕೂಡಿ ಮರಳುವ ಸಮಾನ ತಂತಿಗೆ. ಬೆಲ್ ಮತ್ತು ಕಾರ್ಟಿಯರು ನೆಲದಿಂದ ಬಿಡಿಸಿಕೊಂಡ ಮರಳುದಾರಿ ಇಲ್ಲಿ ಚಿಕ್ಕ ರೂಪದಲ್ಲಿ ಮತ್ತೆ ಹಂಚಿಕೆಯಾಯಿತು. 32 ಓಮ್ ಪ್ರತಿರೋಧದ ಹೆಡ್‌ಫೋನಿನಲ್ಲಿ ಆ ಸಮಾನ ತಂತಿಯ ಪ್ರತಿರೋಧ ಅರ್ಧ ಓಮ್ ಇದ್ದರೂ ಒಂದು ಕಿವಿಯ ಧ್ವನಿಯ ಸುಮಾರು 64ನೆಯ ಒಂದು ಪಾಲು ಇನ್ನೊಂದು ಕಿವಿಯಲ್ಲಿ ಇಣುಕುತ್ತದೆ. ಜ್ಯಾಕಿನ ತೋಳು ತುಕ್ಕು ಹಿಡಿದು ಅಥವಾ ಸಡಿಲವಾಗಿ ಆ ಪ್ರತಿರೋಧ ಹೆಚ್ಚಿದಾಗ, ಎರಡೂ ಕಡೆ ಸಮನಾಗಿರುವ ಗಾಯಕಿಯ ಕಂಠ ಮಾಯವಾಗಿ ಪಕ್ಕವಾದ್ಯಗಳಷ್ಟೇ ತೇಲಿ ಬರುವ ವಿಚಿತ್ರ ಅನುಭವ ಇದರಿಂದಲೇ ಆಗುವುದು.

ದೂರವಾಣಿಯವರು 1890ರ ದಶಕದಲ್ಲಿ ಕೈಗೊಂಡ ಇನ್ನೊಂದು ಬದಲಾವಣೆ ಇಂದಿನ ಡ್ಯಾಕ್‌ಗಳ ಪಾಡಿಗೆ ಇನ್ನೂ ಹತ್ತಿರದ್ದು. ಅಲ್ಲಿಯವರೆಗೆ ಪ್ರತಿ ಮನೆಯ ದೂರವಾಣಿಗೂ ಅದರದ್ದೇ ಬ್ಯಾಟರಿ ಇರುತ್ತಿತ್ತು; ಆ ದಶಕದಲ್ಲಿ ಕೇಂದ್ರದ ಒಂದೇ ದೊಡ್ಡ ಬ್ಯಾಟರಿಯಿಂದ ಎಲ್ಲ ಮನೆಗಳಿಗೂ, ಮಾತು ಹೋಗುವ ಅದೇ ಜೋಡಿತಂತಿಯ ಮೇಲೆ, ವಿದ್ಯುತ್ತನ್ನೂ ಕಳಿಸುವ ಏರ್ಪಾಡು ಬಂತು. ಆ ಬ್ಯಾಟರಿಗೆ ಚಾರ್ಜ್ ತುಂಬುವ ಜನರೇಟರಿನ ಸದ್ದು ಒಮ್ಮೆಗೇ ಊರಿನ ಎಲ್ಲ ಕಿವಿಗಳಿಗೂ ಹೋಗುವ ಅಪಾಯವಿದ್ದುದರಿಂದ, ನೇರ ವಿದ್ಯುತ್ತನ್ನು ಬಿಟ್ಟು ಏರಿಳಿಯುವುದನ್ನು ತಡೆಯುವ ಸುರುಳಿಗಳನ್ನು ದಾರಿಯಲ್ಲಿ ಇಡಲಾಯಿತು. ಶಕ್ತಿ ಮತ್ತು ಧ್ವನಿ ಒಂದೇ ತಂತಿಯಲ್ಲಿ ಸಾಗಿದರೆ ಅನುಕೂಲವೂ ಗದ್ದಲವೂ ಜೊತೆಯಾಗಿ ಬರುತ್ತವೆ, ನಡುವೆ ಶೋಧಕ ಇಟ್ಟರೆ ಮಾತ್ರ ಎರಡನ್ನೂ ಬೇರ್ಪಡಿಸಬಹುದು ಎಂಬ ಪಾಠ ಆಗಲೇ ದಾಖಲಾಗಿದೆ.

ತಲೆಗೆ ತೊಡುವ ಕಿವಿತುಂಡುಗಳನ್ನು ಆಧುನಿಕ ರೂಪಕ್ಕೆ ತಂದವನು ಅಮೆರಿಕದ ಯೂಟಾ ಪ್ರಾಂತದ ನಥಾನಿಯಲ್ ಬಾಲ್ಡ್ವಿನ್. ತನ್ನ ಮನೆಯ ಅಡುಗೆಮನೆಯಲ್ಲೇ ಕುಳಿತು ತಯಾರಿಸಿದ ಜೋಡಿಯನ್ನು ಅವನು 1910ರಲ್ಲಿ ಅಮೆರಿಕದ ನೌಕಾಪಡೆಗೆ ಕಳಿಸಿದನು. ಅದರ ಸೂಕ್ಷ್ಮತೆಯನ್ನು ಪರೀಕ್ಷಿಸಿ ಬೆರಗಾದ ನೌಕಾಪಡೆ ಹೆಚ್ಚಿನ ಬೇಡಿಕೆ ಸಲ್ಲಿಸಿತು. ಜರ್ಮನಿಯ ಬೇಯರ್ ಸಂಸ್ಥೆಯ ಡಿಟಿ 48 ಮಾದರಿ 1937ರಲ್ಲೂ, ಸಂಗೀತವನ್ನು ಎರಡು ಕಿವಿಗಳಿಗೆ ಬೇರೆಬೇರೆಯಾಗಿ ಕೇಳಿಸುವ ಜಾನ್ ಕಾಸ್‌ನ ಹೆಡ್‌ಫೋನ್ 1958ರಲ್ಲೂ ಬಂದವು.

ಈ ನಡುವೆ ಗದ್ದಲದ ಮೂಲವೇ ಬದಲಾಗಿತ್ತು. ಮನೆಮನೆಗೆ ವಿದ್ಯುತ್ತು ಬಂದ ಮೇಲೆ ಗುಂಯ್‌ಗುಡುವ ಸದ್ದಿಗೆ ಒಂದು ನಿಶ್ಚಿತ ಶ್ರುತಿ ದೊರೆಯಿತು. ಮನೆಯ ವಿದ್ಯುತ್ತು ದಿಕ್ಕು ಬದಲಿಸುತ್ತ ಸೆಕೆಂಡಿಗೆ ಇಷ್ಟು ಸುತ್ತು ಎಂಬಂತೆ ಏರಿಳಿಯುತ್ತಿರುತ್ತದೆ, ಆ ಆವರ್ತನ ಭಾರತದಲ್ಲೂ ಯುರೋಪಿನಲ್ಲೂ 50 ಹರ್ಟ್ಜ್, ಅಮೆರಿಕದಲ್ಲಿ 60. ಮೈಸೂರು ಸಂಸ್ಥಾನದ ಶಿವನಸಮುದ್ರದಿಂದ ಕೋಲಾರದ ಚಿನ್ನದ ಗಣಿಗಳಿಗೆ ಸುಮಾರು 147 ಕಿಲೋಮೀಟರ್ ದೂರ 1902ರ ಜೂನ್ 30ರಿಂದ ಹರಿದ ವಿದ್ಯುತ್ತಿನ ಆವರ್ತನ 25 ಹರ್ಟ್ಜ್ ಆಗಿತ್ತು, ಅದು ಮನುಷ್ಯನ ಕಿವಿಗೆ ಎಟಕುವ ಕೆಳಮಿತಿಯ ಬಳಿಯ ಸಂಖ್ಯೆ. ಬೆಂಗಳೂರಿನ ಬೀದಿದೀಪಗಳು 1905ರಲ್ಲಿ ಬೆಳಗಿದ್ದು ಇದೇ ಶಿವನಸಮುದ್ರದ ವಿದ್ಯುತ್ತಿನಿಂದ. 50 ಹರ್ಟ್ಜ್ ದೇಶದ ಮಾನಕವಾಗಿ ನೆಲೆಗೊಂಡದ್ದು ಆಮೇಲೆ. ಪ್ರಾಧ್ಯಾಪಕ ಎಂ. ವಿ. ಗೋಪಾಲಸ್ವಾಮಿಯವರು 1935ರಲ್ಲಿ ಮೈಸೂರಿನ ತಮ್ಮ ಮನೆಯಿಂದ ಆಕಾಶವಾಣಿ ಎಂಬ ಹೆಸರಿನ ಪ್ರಸಾರ ಆರಂಭಿಸಿದಾಗ, ಅಂದಿನ ವಾಲ್ವ್ ರೇಡಿಯೊಗಳ ಹಿಂಬದಿಯಲ್ಲಿ ಸಾಮಾನ್ಯವಾಗಿ ಎರಡು ತಿರುಪುಗಳಿರುತ್ತಿದ್ದವು: ಒಂದು ಏರಿಯಲ್ ತಂತಿಗೆ, ಇನ್ನೊಂದು ಅರ್ತ್ ತಂತಿಗೆ. ಎರಡನೆಯದನ್ನು ನಲ್ಲಿಯ ಕೊಳವೆಗೋ ನೆಲದಲ್ಲಿ ಹೂತ ಸಲಾಕೆಗೋ ಕಟ್ಟಬೇಕಾಗಿತ್ತು.

ಬ್ಯಾಟರಿಯ ರೇಡಿಯೊಗಳಲ್ಲಿ ಇಲ್ಲದ ಈ ಶ್ರುತಿ, 1920ರ ದಶಕದ ಕೊನೆಯಲ್ಲಿ ಗೋಡೆಯ ವಿದ್ಯುತ್ತಿನಿಂದ ನಡೆಯುವ ರೇಡಿಯೊಗಳು ಬಂದಾಗ ಹಾಡಿನ ಅಡಿಯಲ್ಲಿ ನೆಲೆನಿಂತಿತು. ದಿಕ್ಕು ಬದಲಿಸುವ ವಿದ್ಯುತ್ತನ್ನು ಒಂದೇ ದಿಕ್ಕಿಗೆ ತಿರುಗಿಸುವ ಕ್ರಿಯೆಯಲ್ಲಿ 50 ಹರ್ಟ್ಜ್ ಇಮ್ಮಡಿಯಾಗಿ 100 ಆಗುವುದರಿಂದ, ಅನುಭವಿ ರೇಡಿಯೊ ರಿಪೇರಿಯವರು ಕಿವಿಯಿಂದಲೇ ರೋಗ ಪತ್ತೆ ಮಾಡಬಲ್ಲವರಾದರು: ಶ್ರುತಿ 100ರದ್ದಾದರೆ ರೇಡಿಯೊದ ಒಳಗಿನ ಕಂಡೆನ್ಸರ್ ಸೋತಿದೆ, 50ರದ್ದಾದರೆ ಹೊರಗಿನ ತಂತಿ ಅಥವಾ ಅರ್ತ್ ಕಡೆ ನೋಡಬೇಕು. ಈ ಬಗೆಯ ಆಲಿಸುವ ವಿದ್ಯೆ ಇಂದಿನ ಡ್ಯಾಕ್ ಬಳಕೆದಾರನಿಗೂ ಅಷ್ಟೇ ಉಪಯುಕ್ತ, ಆದರೆ ಅದನ್ನು ಕಲಿಸುವವರು ವಿರಳವಾಗಿರುವುದು ನಷ್ಟದ ಸಂಗತಿ. ಮಿಕ್ಸಿ ತಿರುಗಿಸಿದಾಗ ರೇಡಿಯೊ ಗರಗರ ಎನ್ನುವುದು ಇನ್ನೊಂದು ಜಾತಿಯ ಗದ್ದಲ. ಮೋಟಾರಿನ ಕಾರ್ಬನ್ ಬ್ರಷ್ಷಿನ ಕಿಡಿಗಳು ರೇಡಿಯೊ ಅಲೆಗಳನ್ನೇ ಎಬ್ಬಿಸುತ್ತವೆ. ಇಂತಹ ಉಪಕರಣಗಳಿಗೆ ಮಿತಿ ಹೇರಲು ಸಿಸ್ಪರ್ ಎಂಬ ಅಂತರರಾಷ್ಟ್ರೀಯ ಸಮಿತಿ 1934ರಲ್ಲಿ ಹುಟ್ಟಿಕೊಂಡಿತು, ಒಹಾಯೊ ತೀರ್ಪಿನ ಕಾಲದಲ್ಲಿ ಇಲ್ಲದಿದ್ದ ಹೊಣೆಗಾರಿಕೆ ಗದ್ದಲ ಮಾಡುವವನ ಮೇಲೂ ಬಿತ್ತು. ಸುಂಯ್ ಎಂಬ ಮಳೆಯಂತಹ ಸದ್ದು ಮಾತ್ರ ಇವೆರಡಕ್ಕೂ ಸೇರಿದ್ದಲ್ಲ. ವಾಲ್ಟರ್ ಶಾಟ್ಕಿ 1918ರಲ್ಲಿ, ಜಾನ್ಸನ್ ಮತ್ತು ನೈಕ್ವಿಸ್ಟ್ 1928ರಲ್ಲಿ ತೋರಿಸಿದಂತೆ, ಅದು ಎಲೆಕ್ಟ್ರಾನುಗಳ ಸಹಜ ಚಲನೆಯಿಂದ, ವಸ್ತುವಿನ ಬಿಸಿಯಿಂದ ಹುಟ್ಟುವ ಸದ್ದು. ಯಾವ ಕೇಬಲ್ ಬದಲಿಸಿದರೂ ಹೋಗುವುದಿಲ್ಲ.

ಧ್ವನಿಮುದ್ರಣ ಶಾಲೆಗಳಲ್ಲಿ ಹತ್ತಾರು ಯಂತ್ರಗಳನ್ನು ಒಂದಕ್ಕೊಂದು ಜೋಡಿಸತೊಡಗಿದಾಗ ಗ್ರೌಂಡ್ ಲೂಪ್ ಎಂಬ ದೋಷ ಎಲ್ಲರ ಬಾಯಿಗೆ ಬಂತು. ಎರಡು ಯಂತ್ರಗಳ ಮೈ ಗೋಡೆಯ ಅರ್ತ್ ಮೂಲಕ ಒಮ್ಮೆ, ಧ್ವನಿಯ ಕೇಬಲ್ಲಿನ ಹೊರಕವಚದ ಮೂಲಕ ಇನ್ನೊಮ್ಮೆ ಕೂಡಿಕೊಂಡರೆ ತಂತಿಯ ಒಂದು ಮುಚ್ಚಿದ ಕುಣಿಕೆ ಏರ್ಪಡುತ್ತದೆ. ಗೋಡೆಯ ಎರಡು ಸಾಕೆಟ್ಟುಗಳ ಅರ್ತ್ ನಡುವೆ ಇರುವ ಅಲ್ಪ ವೋಲ್ಟೇಜಿನಿಂದ ಈ ಕುಣಿಕೆಯಲ್ಲಿ ವಿದ್ಯುತ್ತು ಸುತ್ತತೊಡಗಿ, ಕೇಬಲ್ಲಿನ ಮರಳುದಾರಿಯನ್ನು ಮಲಿನಗೊಳಿಸುತ್ತದೆ. ಧ್ವನಿತಜ್ಞ ನೀಲ್ ಮನ್ಸಿ 1995ರಲ್ಲಿ ಪ್ರಕಟಿಸಿದ ಲೇಖನವು ದೋಷದ ಇನ್ನೊಂದು ಮಗ್ಗುಲನ್ನು ತೋರಿತು. ಕೇಬಲ್ಲಿನ ಕವಚವನ್ನು ಯಂತ್ರದ ಲೋಹದ ಪೆಟ್ಟಿಗೆಗೆ ಕೂಡಿಸಬೇಕಾದ ಕಡೆ ತಯಾರಕರು ಒಳಗಿನ ಸೂಕ್ಷ್ಮ ಮಂಡಲಕ್ಕೆ ಕೂಡಿಸಿ, ಹೊರಗಿನ ಗದ್ದಲಕ್ಕೆ ತಾವಾಗಿಯೇ ಬಾಗಿಲು ತೆರೆಯುತ್ತಿದ್ದರು. ತಪ್ಪು ಬಳಕೆದಾರನ ಜೋಡಣೆಯಲ್ಲಿ ಮಾತ್ರವಲ್ಲ, ಯಂತ್ರದ ವಿನ್ಯಾಸದಲ್ಲೂ ಇರಬಹುದೆಂದು ಇದರಿಂದ ಸ್ಥಾಪಿತವಾಯಿತು.

ಕೈಯಲ್ಲಿ ಹಿಡಿದು ನಡೆಯುವ ಸಂಗೀತಕ್ಕೆ ಇಷ್ಟೆಲ್ಲ ಕಾಟ ಬಹುಕಾಲ ಇರಲಿಲ್ಲ. ಸೋನಿ ವಾಕ್‌ಮನ್ 1979ರ ಜುಲೈ 1ರಂದು ಮಾರುಕಟ್ಟೆಗೆ ಬಂದಾಗ ಅದು ಎರಡು ಪೆನ್ಸಿಲ್ ಸೆಲ್ಲುಗಳಿಂದ ನಡೆಯುತ್ತಿತ್ತು; ಗೋಡೆಗೂ ನೆಲಕ್ಕೂ ಅದಕ್ಕೆ ಸಂಬಂಧವೇ ಇಲ್ಲದ್ದರಿಂದ ಟೇಪಿನ ಸುಂಯ್ ಸದ್ದೊಂದೇ ಕೇಳುತ್ತಿತ್ತು. ಸಂಗೀತವನ್ನು 16 ಬಿಟ್ ಅಂಕಿಗಳಲ್ಲಿ, ಸೆಕೆಂಡಿಗೆ 44,100 ಮಾದರಿಗಳಂತೆ ಬರೆದಿಡುವ ಕಾಂಪ್ಯಾಕ್ಟ್ ಡಿಸ್ಕ್ 1982ರಲ್ಲಿ ಬಂದು, ಅದನ್ನು ಕೈಯಲ್ಲಿ ಒಯ್ಯಬಹುದಾದ ಸೋನಿ ಡಿ-50 ಯಂತ್ರ 1984ರಲ್ಲಿ ಹಿಂಬಾಲಿಸಿದಾಗ ಟೇಪಿನ ಸದ್ದೂ ಹೋಯಿತು. ಅಂಕಿಗಳನ್ನು ವಿದ್ಯುತ್ತಾಗಿಸುವ ಪರಿವರ್ತಕ ಆಗ ಯಂತ್ರದ ಒಳಗೇ ಇತ್ತು. 1990ರ ದಶಕದಲ್ಲಿ ಚು ಮೊಯ್ ಎಂಬ ಹವ್ಯಾಸಿ ರೂಪಿಸಿದ, ಪೆಪ್ಪರ್‌ಮಿಂಟಿನ ತಗಡಿನ ಡಬ್ಬಿಯಲ್ಲಿ ಹಿಡಿಸುವ 9 ವೋಲ್ಟಿನ ಹೆಡ್‌ಫೋನ್ ಆಂಪ್ಲಿಫೈಯರನ್ನು ಲೋಕದ ನಾನಾ ಕಡೆಯ ಹವ್ಯಾಸಿಗಳು ಕೈಯಾರೆ ಕಟ್ಟಿಕೊಂಡರು. ಆ ಡಬ್ಬಿಯ ತಗಡೇ ಹೊರಗಿನ ಗದ್ದಲಕ್ಕೆ ತಡೆಗೋಡೆ, ಒಂಟಿ ಬ್ಯಾಟರಿಯೇ ನೆಲದಿಂದ ಬೇರ್ಪಡೆ.

ಆ ನೆಮ್ಮದಿಯನ್ನು ಮೊದಲು ಕೆಡಿಸಿದ್ದು ಮೊಬೈಲ್ ಫೋನ್. ಕಲ್ಕತ್ತ ಮತ್ತು ದೆಹಲಿಯ ನಡುವೆ 1995ರ ಜುಲೈ 31ರಂದು ದೇಶದ ಮೊದಲ ಮೊಬೈಲ್ ಕರೆ ನಡೆದ ಮೇಲೆ ಹರಡಿದ ಜಿಎಸ್‌ಎಂ ಪದ್ಧತಿಯಲ್ಲಿ ಒಂದೇ ಅಲೆಯನ್ನು ಎಂಟು ಫೋನುಗಳು ಸರದಿಯಂತೆ ಹಂಚಿಕೊಳ್ಳುತ್ತವೆ. ಪ್ರತಿ ಫೋನೂ 4.615 ಮಿಲಿಸೆಕೆಂಡಿಗೊಮ್ಮೆ, ಅಂದರೆ ಸೆಕೆಂಡಿಗೆ ಸುಮಾರು 217 ಬಾರಿ, ಹೊತ್ತಿ ಆರುತ್ತದೆ. ಹೆಡ್‌ಫೋನಿನ ತಂತಿ ಏರಿಯಲ್ಲಿನಂತೆ ಆ ಅಲೆಯನ್ನು ಹಿಡಿದು, ಒಳಗಿನ ಟ್ರಾನ್ಸಿಸ್ಟರುಗಳು ಅದರ ಏರಿಳಿತವನ್ನು ಧ್ವನಿಯಾಗಿ ಬಿಡಿಸಿದಾಗ, ಕರೆ ಬರುವ ಮುನ್ನವೇ ಸ್ಪೀಕರಿನಲ್ಲಿ ಕೇಳುತ್ತಿದ್ದ ಟಿಕಿಟಿಕಿ ಟಿರ್ರ್ ಎಂಬ ಸದ್ದು ಹುಟ್ಟುತ್ತಿತ್ತು. ಈ ಸದ್ದು ಬಂದಾಗ ಫೋನನ್ನು ಒಂದೆರಡು ಅಡಿ ದೂರ ಸರಿಸಿದರೆ ಸಾಕಾಗಿತ್ತು. ದೂರ ಹೆಚ್ಚಿದಂತೆ ಕ್ಷೀಣಿಸುವ ಗದ್ದಲ ಗಾಳಿಯಿಂದ ಬಂದದ್ದು, ಸರಿಸಿದರೂ ಬದಲಾಗದ್ದು ತಂತಿಯಿಂದ ಬಂದದ್ದು ಎಂಬ ಭೇದ ಗೊತ್ತಿದ್ದರೆ ಅರ್ಧ ಪರೀಕ್ಷೆ ಮುಗಿದಂತೆ.

ಯುಎಸ್‌ಬಿ ಎಂಬ ಜೋಡಣೆಯ ಮಾನಕ 1996ರ ಜನವರಿಯಲ್ಲಿ, ಅದರ ಮೂಲಕ ಧ್ವನಿ ಕಳಿಸುವ ನಿಯಮಾವಳಿ 1998ರಲ್ಲಿ ಬಂದವು. ಮೂಲ ಯುಎಸ್‌ಬಿ ಕೇಬಲ್ಲಿನಲ್ಲಿ ನಾಲ್ಕು ತಂತಿಗಳು: ಎರಡು ಹೊಸೆದ ಜೋಡಿಯಾಗಿ ಅಂಕಿಗಳನ್ನು ಒಯ್ಯುತ್ತವೆ, ಒಂದು 5 ವೋಲ್ಟ್ ಕೊಡುತ್ತದೆ, ನಾಲ್ಕನೆಯದು ಎಲ್ಲಕ್ಕೂ ಮರಳುದಾರಿ. ಅಂಕಿಗಳ ಜೋಡಿ ಬೆಲ್‌ನ 1881ರ ತತ್ವದಂತೆಯೇ ನಡೆಯುವುದರಿಂದ ಅಲ್ಲಿ ಗದ್ದಲ ತಗಲುವುದು ವಿರಳ. ಗದ್ದಲ ಬರುವುದು ಉಳಿದೆರಡು ತಂತಿಗಳಿಂದ. ಕಂಪ್ಯೂಟರಿನ ಪ್ರೊಸೆಸರ್, ಫ್ಯಾನು, ಪರದೆಯ ಬೆಳಕು ಎಲ್ಲವೂ ವಿದ್ಯುತ್ತನ್ನು ಎಳೆದು ಬಿಡುವ ಅದೇ ನೆಲಕ್ಕೆ ಡ್ಯಾಕ್‌ನ ಧ್ವನಿಮಂಡಲವೂ ಕಟ್ಟಿಕೊಂಡಿರುತ್ತದೆ. ಯುಎಸ್‌ಬಿ ಹಳೆಯ ವೇಗದಲ್ಲಿ ಸೆಕೆಂಡಿಗೆ 1,000 ಬಾರಿ, ಹೆಚ್ಚಿನ ವೇಗದಲ್ಲಿ 8,000 ಬಾರಿ ಮಾಹಿತಿಯ ಕಟ್ಟನ್ನು ಕಳಿಸುತ್ತದೆ, ಎರಡೂ ಸಂಖ್ಯೆಗಳು ಕಿವಿಗೆ ಕೇಳುವ ವ್ಯಾಪ್ತಿಯಲ್ಲೇ ಇವೆ. ಆದುದರಿಂದ ಕಳಪೆ ವಿನ್ಯಾಸದ ಡ್ಯಾಕ್‌ನಲ್ಲಿ ಹಾಡಿನ ಹಿಂದೆ ತೆಳ್ಳಗಿನ ಸೀಟಿಯಂತಹ ಸದ್ದು ಕೇಳಿದರೆ ಅದು ಬಹುಮಟ್ಟಿಗೆ ಈ ಬಡಿತದ್ದೇ. ಗಾರ್ಡನ್ ರ‍್ಯಾಂಕಿನ್ ಪ್ರಚುರಪಡಿಸಿದ ಅಸಿಂಕ್ರೊನಸ್ ವಿಧಾನದಲ್ಲಿ ಸಮಯದ ಹಿಡಿತ ಕಂಪ್ಯೂಟರಿನ ಬದಲು ಡ್ಯಾಕ್‌ನ ಗಡಿಯಾರದ ಕೈಯಲ್ಲಿರುತ್ತದೆ, ಅವನೇ ವಿನ್ಯಾಸಗೊಳಿಸಿ ಆಡಿಯೊಕ್ವೆಸ್ಟ್ ಕಂಪನಿ 2012ರಲ್ಲಿ ಹೊರತಂದ ಡ್ರ್ಯಾಗನ್‌ಫ್ಲೈ ಎಂಬ ಬೆರಳುಗಾತ್ರದ ಡ್ಯಾಕ್ ಈ ಬಗೆಯ ಸಾಧನಗಳನ್ನು ಜನಪ್ರಿಯಗೊಳಿಸಿತು. ಆದರೆ ಆ ವಿಧಾನ ಸಮಯದ ತಪ್ಪನ್ನು ತಿದ್ದುತ್ತದೆಯೇ ಹೊರತು ಮರಳುದಾರಿಯ ಗದ್ದಲವನ್ನಲ್ಲ. ಅಂಕಿಗಳ ಜೋಡಿಗೆ ಚಿನ್ನದ ಲೇಪ ಹಚ್ಚಿದ ದುಬಾರಿ ಕೇಬಲ್ಲುಗಳು ಗುಂಯ್ ಸದ್ದನ್ನು ಕಳೆಯುತ್ತವೆ ಎಂಬ ಪ್ರಚಾರವೂ ಇದೇ ಕಾರಣಕ್ಕೆ ಹುಸಿ. ನಿಜವಾದ ಪರಿಹಾರ ಐಸೊಲೇಟರ್. 2009ರ ಸುಮಾರಿಗೆ ಬಂದ ಎಡಿಯುಎಂ 4160 ಎಂಬ ಚಿಪ್ಪು, ಒಳಗಿನ ಅತಿಸಣ್ಣ ಟ್ರಾನ್ಸ್‌ಫಾರ್ಮರುಗಳ ಮೂಲಕ ಅಂಕಿಗಳನ್ನು ಮಾತ್ರ ದಾಟಿಸಿ, ಎರಡು ಕಡೆಯ ನೆಲಗಳನ್ನು ಸಂಪೂರ್ಣ ಬೇರ್ಪಡಿಸುತ್ತದೆ.

ಆಪಲ್ ಕಂಪನಿ 2016ರ ಸೆಪ್ಟೆಂಬರಿನಲ್ಲಿ ಐಫೋನ್ 7ರಿಂದ ಹೆಡ್‌ಫೋನ್ ಜ್ಯಾಕನ್ನು ತೆಗೆದುಹಾಕಿದ ಮೇಲೆ ಡಾಂಗಲ್ ಎಂಬುದು ಹವ್ಯಾಸಿಗಳ ವಸ್ತುವಾಗಿ ಉಳಿಯಲಿಲ್ಲ. ಯುಎಸ್‌ಬಿ-ಸಿ ಬಾಯಿಯ ಡಾಂಗಲ್ಲುಗಳಲ್ಲಿ ಹೊರಗೆ ಒಂದೇ ರೀತಿ ಕಾಣುವ ಎರಡು ಜಾತಿಗಳಿವೆ. ಒಂದರೊಳಗೆ ಡ್ಯಾಕ್ ಇರುತ್ತದೆ. ಇನ್ನೊಂದು ಬರೀ ತಂತಿ, ಫೋನಿನೊಳಗಿನ ಡ್ಯಾಕ್‌ನಿಂದ ಹೊರಬರುವ ಧ್ವನಿಯನ್ನು ಹಾಯಿಸುವಂತಹದ್ದು. ಧ್ವನಿಯನ್ನು ಹೊರಬಿಡದ ಫೋನಿಗೆ ಎರಡನೆಯ ಜಾತಿಯದನ್ನು ಹಾಕಿದರೆ ಸದ್ದೇ ಬರುವುದಿಲ್ಲ, ಇದನ್ನು ಡಾಂಗಲ್ ಕೆಟ್ಟಿದೆ ಎಂದು ಭಾವಿಸುವವರು ಬಹಳ. ಮೈಕ್ ಇರುವ ನಾಲ್ಕು ಸಂಪರ್ಕದ ಜ್ಯಾಕಿನಲ್ಲೂ ಎರಡು ವಾಡಿಕೆಗಳಿದ್ದು, ಸಿಟಿಐಎ ಎಂಬುದರಲ್ಲಿ ಮರಳುತಂತಿ ಎರಡನೆಯ ಉಂಗುರದಲ್ಲಿ, ಒಎಂಟಿಪಿ ಎಂಬ ಹಳೆಯದರಲ್ಲಿ ತೋಳಿನಲ್ಲಿ ಇರುತ್ತದೆ. ಒಂದರ ಹೆಡ್‌ಸೆಟ್ಟನ್ನು ಇನ್ನೊಂದಕ್ಕೆ ಚುಚ್ಚಿದಾಗ ಮರಳುದಾರಿ ತಪ್ಪಿ, ಹಿಂದೆ ವಿವರಿಸಿದ ಕಂಠವಿಲ್ಲದ ಪೊಳ್ಳು ಧ್ವನಿ ಬರುತ್ತದೆ. ಸೋನಿ 2016ರಲ್ಲಿ ತನ್ನ ದುಬಾರಿ ವಾಕ್‌ಮನ್ನುಗಳಲ್ಲಿ ತಂದ ಐದು ಸಂಪರ್ಕದ 4.4 ಮಿಲಿಮೀಟರ್ ಜ್ಯಾಕು ಪ್ರತಿ ಕಿವಿಗೂ ಅದರದ್ದೇ ಮರಳುತಂತಿ ಕೊಟ್ಟು, ಒಂದು ಕಿವಿಯಿಂದ ಇನ್ನೊಂದಕ್ಕೆ ಸೋರುವುದನ್ನು ತಡೆಯಿತು. ಯುಎಸ್‌ಬಿ ಕಡೆಯಿಂದ ಬರುವ ಗದ್ದಲಕ್ಕೆ ಮಾತ್ರ ಅದು ಮದ್ದಲ್ಲ.

ಭಾರತದ ಮನೆಗಳಲ್ಲಿ ಈ ಕಥೆಗೆ ಸ್ಥಳೀಯವಾದ ಒಂದು ಅಧ್ಯಾಯವಿದೆ. ಎರಡು ಪಿನ್ನಿನ ಚಾರ್ಜರಿನೊಳಗೆ ಗೋಡೆಯ ಕಡೆಗೂ ಫೋನಿನ ಕಡೆಗೂ ನಡುವೆ ಒಂದು ಸಣ್ಣ ಕೆಪಾಸಿಟರ್ ಇರುತ್ತದೆ. ರೇಡಿಯೊ ಅಲೆಗಳ ಗದ್ದಲವನ್ನು ತಗ್ಗಿಸಲು ಸಿಸ್ಪರ್ ಮಾದರಿಯ ನಿಯಮಗಳಿಗೆ ತಕ್ಕಂತೆ ಇಟ್ಟ ಆ ಕೆಪಾಸಿಟರೇ ಅತ್ಯಲ್ಪ ಪ್ರಮಾಣದ 50 ಹರ್ಟ್ಜ್ ವಿದ್ಯುತ್ತನ್ನು ಸೋರಿಸುತ್ತದೆ. ಚಾರ್ಜ್ ಆಗುತ್ತಿರುವ ಲೋಹದ ಮೈಯ ಲ್ಯಾಪ್‌ಟಾಪನ್ನು ಬೆರಳಿನಿಂದ ಮೆಲ್ಲಗೆ ಸವರಿದಾಗ ಜುಮ್ಮೆನ್ನುವುದು ಇದರಿಂದ. ಸೋರಿದ ವಿದ್ಯುತ್ತು ಮೂರನೆಯ ಪಿನ್ನಿನ ಮೂಲಕ ನೆಲಕ್ಕೆ ಇಳಿಯಬೇಕು, ಇಳಿಯಲು ಹಾದಿಯಿಲ್ಲದಿದ್ದರೆ ಧ್ವನಿಯ ಕೇಬಲ್ಲು, ಆಂಪ್ಲಿಫೈಯರ್, ಕೇಳುಗನ ಮೈ ಇವುಗಳ ಮೂಲಕ ಹಾದಿ ಹುಡುಕುತ್ತದೆ. ಮನೆ ಕಟ್ಟುವಾಗ ಹಿತ್ತಲಿನಲ್ಲಿ ಗುಂಡಿ ತೋಡಿ, ಕೊಳವೆ ಅಥವಾ ಫಲಕ ಇಳಿಸಿ, ಸುತ್ತ ಇದ್ದಿಲು ಮತ್ತು ಉಪ್ಪು ತುಂಬಿ, ಬೇಸಿಗೆಯಲ್ಲಿ ನೀರು ಹಾಕಿ ತೇವ ಕಾಯುವ ಅರ್ತಿಂಗ್ ಪದ್ಧತಿ ಕರ್ನಾಟಕದಲ್ಲೂ ಪರಿಚಿತವೇ. ಆದರೆ ಗುಂಡಿ ಒಣಗಿ, ಅಥವಾ ಗೋಡೆಯೊಳಗಿನ ಹಸಿರು ತಂತಿಯನ್ನು ಸಾಕೆಟ್ಟಿಗೆ ಜೋಡಿಸದೆ ಬಿಟ್ಟು, ಮೂರು ರಂಧ್ರಗಳಿದ್ದರೂ ಅರ್ತ್ ಇಲ್ಲದ ಮನೆಗಳು ಅಪರೂಪವಲ್ಲ. ಡ್ಯಾಕ್ ಕೆಟ್ಟಿದೆಯೆಂದು ಅಂಗಡಿಗೆ ಹಿಂದಿರುಗಿಸುವ ಮುನ್ನ ಸಾಕೆಟ್ಟಿನ ಮೇಲಿನ ದೊಡ್ಡ ರಂಧ್ರದ ಸ್ಥಿತಿಯನ್ನು ವಿಚಾರಿಸುವುದು ಈ ಕಾರಣಕ್ಕೆ ಯುಕ್ತ.

ಪತ್ತೆಯ ಕ್ರಮವೂ ಹಳೆಯ ದೂರವಾಣಿ ತಂತ್ರಜ್ಞರದ್ದೇ, ಅಂದರೆ ದಾರಿಯನ್ನು ಒಂದೊಂದಾಗಿ ಕಡಿದು ಸದ್ದು ಎಲ್ಲಿ ನಿಲ್ಲುತ್ತದೆಂದು ನೋಡುವುದು. ಮೊದಲು ಚಾರ್ಜರ್ ಕಿತ್ತು ಬ್ಯಾಟರಿಯ ಮೇಲೆ ಕೇಳಬೇಕು. ಗದ್ದಲ ನಿಂತರೆ ದೋಷ ಗೋಡೆಯ ಕಡೆಯದು, ಡ್ಯಾಕ್ ನಿರಪರಾಧಿ. ನಿಲ್ಲದಿದ್ದರೆ ಅದೇ ಡ್ಯಾಕನ್ನು ಬೇರೊಂದು ಫೋನಿಗೆ, ಅದೇ ಹೆಡ್‌ಫೋನನ್ನು ಬೇರೊಂದು ಡ್ಯಾಕಿಗೆ ಹಾಕಿ ನೋಡಬೇಕು. ಕಾರಿನ ಸಂಗೀತ ವ್ಯವಸ್ಥೆಗೆ ತಂತಿಯಿಂದ ಜೋಡಿಸಿದ ಫೋನನ್ನು ಅದೇ ಕಾರಿನ ಸಾಕೆಟ್ಟಿನಿಂದ ಚಾರ್ಜ್ ಮಾಡಿದಾಗ ಎಂಜಿನ್ನಿನ ವೇಗದೊಡನೆ ಏರುವ ಸೀಟಿ ಕೇಳಿದರೆ ಅದು ಗ್ರೌಂಡ್ ಲೂಪಿನ ಮೂಲಕ ಬಂದ ಆಲ್ಟರ್ನೇಟರಿನ ಸದ್ದು. ಧ್ವನಿಯ ತಂತಿಯಲ್ಲಿ ಸಣ್ಣ ಟ್ರಾನ್ಸ್‌ಫಾರ್ಮರಿನ ಐಸೊಲೇಟರ್ ಹಾಕಿದರೆ ಸಾಮಾನ್ಯವಾಗಿ ಹೋಗುತ್ತದೆ. ಮೇಜಿನ ಮೇಲಿನ ಆಂಪ್ಲಿಫೈಯರಿಗೆ ಡ್ಯಾಕ್ ಜೋಡಿಸಿದವರು ಕಂಪ್ಯೂಟರ್ ಮತ್ತು ಆಂಪ್ಲಿಫೈಯರ್ ಎರಡನ್ನೂ ಒಂದೇ ಎಕ್ಸ್‌ಟೆನ್ಷನ್ ಬೋರ್ಡಿಗೆ ಹಾಕಿ, ಆಗಲೂ ಗುಂಯ್‌ಗುಟ್ಟಿದರೆ ಯುಎಸ್‌ಬಿ ಐಸೊಲೇಟರ್ ಕೊಳ್ಳಬಹುದು. ಗದ್ದಲ ನಿಲ್ಲಿಸಲು ಪ್ಲಗ್ಗಿನ ದಪ್ಪ ಪಿನ್ನನ್ನು ಕತ್ತರಿಸುವ ಅಥವಾ ಅರ್ತ್ ತಂತಿಯನ್ನು ಬಿಚ್ಚಿಡುವ ಉಪಾಯವನ್ನು ಮಾತ್ರ ಯಾರೂ ಅನುಸರಿಸಬಾರದು. ಕುಣಿಕೆ ಕಡಿದು ಸದ್ದು ನಿಲ್ಲುವುದು ನಿಜ, ಆದರೆ ಒಳಗಿನ ತಂತಿ ಸಡಿಲವಾಗಿ ಲೋಹದ ಮೈಗೆ ತಗಲಿದ ದಿನ 230 ವೋಲ್ಟಿಗೆ ಮರಳುವ ದಾರಿಯಾಗಿ ಉಳಿಯುವುದು ಹೆಡ್‌ಫೋನ್ ತೊಟ್ಟವನ ದೇಹವೊಂದೇ.